ಮರ್ಯಾದೆ ಕೊಟ್ಟ ಕಾಲೇಜು

ಮೊನ್ನೆ ಯಶವಂತಪುರದಲ್ಲಿ ಒಂದು ಕಾಲೇಜಿನ ಗೇಟಿನ ಎದುರು, ಇದ್ದ ಒಂದೇ ಮರದ ನೆರಳಿಗೆ ಕಾರು ತೂರಿಸಿ ಕೂತಿದ್ದೆ. ಒಳಗೆ ನನ್ನ ಅಣ್ಣನ ಮಗಳು ಸಿಂಚನಾಳ ಸಂದರ್ಶನ ನಡೆಯುತ್ತಿತ್ತು. ಹುಡುಗಿ ಪಿಯುಸಿ ಮುಗಿಸಿದ್ದಾಳೆ, ಬಿ.ಕಾಂ. ಓದಿ ಫೈನಾನ್ಸ್ ಕಡೆಗೇ ಹೋಗುತ್ತೇನೆಂದು ಹಟ ಹಿಡಿದಿದ್ದಾಳೆ. ಅಣ್ಣನಿಗೆ ಅವತ್ತು ಯಾವುದೋ ಕಟ್ಟಡಕ್ಕೆ ಮೋಲ್ಡ್ ಹಾಕಿಸುವುದಿತ್ತು. “ನೀನೇ ಕರ್ಕೊಂಡ್ ಹೋಗು, ಆ ಫೀಲ್ಡು ನಿಂಗೇ ತಾನೆ ಗೊತ್ತಿರೋದು” ಎಂದು ನನಗೆ ದಾಟಿಸಿದ. ಆ ಫೀಲ್ಡು ನನಗೆಷ್ಟು ಗೊತ್ತು ಎಂಬುದು ಮುಂದೆ ನಿಮಗೇ ತಿಳಿಯುತ್ತದೆ. ಕರೆಯದಿದ್ದರೂ ಹಿಂದಿನ ಸೀಟಿನಲ್ಲಿ ಬಂದು ಕೂತವನು ಅಪ್ಪ. ಮಂಡಿನೋವೆಂದು ಮನೆಯ ಮೆಟ್ಟಿಲು ಇಳಿಯದ ಮನುಷ್ಯ, ಕಾಲೇಜು ನೋಡಲು ಹೋಗುತ್ತೇವೆ ಎಂದ ಕೂಡಲೇ ಇಸ್ತ್ರಿ ಮಾಡಿದ ಬಿಳಿ ಶರಟು ತೊಟ್ಟು ಕಾರಿನ ಬಳಿ ನಿಂತಿದ್ದ.

ಕಾಯುತ್ತಿರುವಾಗ ದ್ರಾಕ್ಷಿಯ ಗಾಡಿಯೊಂದು ಪಕ್ಕದಲ್ಲೇ ಬಂದು ನಿಂತಿತು. ಅಪ್ಪ ಗಾಜು ಇಳಿಸಿ, ಯಾವತ್ತೂ ಮಾಡುವ ಚೌಕಾಸಿ ಬಿಟ್ಟು, ಒಂದು ಕವರ್ ತುಂಬ ಹಾಕಿಸಿಕೊಂಡ. ಮರುಗಳಿಗೆಗೆ ಕಾರಿನ ತುಂಬ ಆ ವಾಸನೆ. ಅಂಗಡಿಯಲ್ಲಿ ಡಬ್ಬಿಯೊಳಗೆ ಜೋಡಿಸಿಟ್ಟಿರುವ ಬೀಜವಿಲ್ಲದ ಹಸಿರು ದ್ರಾಕ್ಷಿಗೆ ಈ ವಾಸನೆಯಿಲ್ಲ. ಇದು ನಮ್ಮ ಕಡೆಯ ಗುಂಡನೆಯ ನೀಲಿ ದ್ರಾಕ್ಷಿ. ಸಿಪ್ಪೆ ದಪ್ಪ, ಒಳಗೆ ಬೀಜ, ಹಿಚುಕಿದರೆ ತಿರುಳು ಇಡಿಯಾಗಿ ಬಾಯಿಗೆ ಜಾರುತ್ತದೆ. ಹುಳಿ, ಸಿಹಿ, ಜೊತೆಗೆ ಚೂರು ಹುದುಗು ಬಂದಂಥ ಘಮ. ಯಲಹಂಕದ ಆಚೆ ಓಡಾಡಿ ಬೆಳೆದವರಿಗೆ ಆ ವಾಸನೆ ಬಡಿದರೆ ಸಾಕು, ಕಲ್ಲುಕಂಬದ ಚಪ್ಪರಗಳು ಕಣ್ಣಮುಂದೆ ಬರುತ್ತವೆ.

“ನಮ್ ತೋಟದ್ದಂಗಿಲ್ಲ ಕಣಮ್ಮಣ್ಣಿ,” ಎಂದು ಅಪ್ಪ ಒಂದು ಗೊಂಚಲನ್ನು ನನ್ನ ಕಡೆ ಚಾಚಿದ. ಎಲ್ಲಿ ಯಾವ ದ್ರಾಕ್ಷಿ ತಿಂದರೂ ಅವನು ಹೇಳುವುದು ಇದೊಂದೇ ಮಾತು. ನಾನು ಬೇಡವೆಂದು ತಲೆಯಾಡಿಸಿದೆ. ನನ್ನ ಮನಸ್ಸು ಬೇರೆ ಕಡೆ ಇತ್ತು. ಸಿಂಚನಾ ಎಲ್ಲಿ ಸೇರಬೇಕೆಂದು ಮನೆಯವರೆಲ್ಲ ನನ್ನನ್ನು ಕೇಳುತ್ತಿದ್ದಾರೆ. ಉತ್ತರ ನನಗೆ ಚೆನ್ನಾಗಿ ಗೊತ್ತು. ಆದರೆ ಅದನ್ನು ಅಪ್ಪನ ಎದುರು ಬಾಯಿಬಿಟ್ಟು ಹೇಳಿದರೆ, ನನ್ನ ವಿಷಯದಲ್ಲಿ ಅವನು ಮಾಡಿದ ಆಯ್ಕೆ ತಪ್ಪಾಗಿತ್ತು ಎಂದು ಹೇಳಿದ ಹಾಗಾಗುತ್ತದೆ. ಇಷ್ಟು ವರ್ಷ ಹೇಳದೆ ಬಂದ ಮಾತು ಅದು. ಈ ವಯಸ್ಸಿನಲ್ಲಿ ಅವನಿಗೆ ಅದನ್ನು ಕೇಳಿಸಬೇಕೆ?

ನಮ್ಮ ಮನೆ ಕೊಡಿಗೇಹಳ್ಳಿಯಲ್ಲಿ. ತೋಟವಿದ್ದದ್ದು ಮಾತ್ರ ಯಲಹಂಕ ದಾಟಿ ಇನ್ನೂ ಮೇಲಕ್ಕೆ, ಅಜ್ಜಿಯ ತವರಿನಿಂದ ಬಂದ ಜಮೀನಿನಲ್ಲಿ. ಭಾನುವಾರ ಅಪ್ಪನ ಬುಲೆಟ್ಟಿನ ಹಿಂದೆ ಕೂತು ಹೋದರೆ ಬರುವಾಗ ನನ್ನ ಫ್ರಾಕಿನ ಮೇಲೆಲ್ಲ ನೇರಳೆ ಕಲೆ. ಅಮ್ಮ ಬೈಯುವಳು, ಅಪ್ಪ ನಗುವನು. ನನಗೆ ಹಣ್ಣಿಗಿಂತ ಹೆಚ್ಚು ಕುತೂಹಲವಿದ್ದದ್ದು ಹಣ್ಣು ಕೊಳ್ಳಲು ಬರುತ್ತಿದ್ದ ವ್ಯಾಪಾರಿಯ ಮೇಲೆ. ಕಾಯಿ ಇನ್ನೂ ಸಾಸಿವೆಯಷ್ಟಿರುವಾಗಲೇ ಅವನು ಚಪ್ಪರದ ಕೆಳಗೆ ಬೆನ್ನು ಬಾಗಿಸಿ ಒಂದು ಸುತ್ತು ಹಾಕಿ, ಇಡೀ ಫಸಲಿಗೆ ಒಂದು ಬೆಲೆ ಹೇಳಿಬಿಡುತ್ತಿದ್ದ. ಹಣ್ಣಾಗಿಲ್ಲ, ಮಳೆ ಹೇಗೋ ಏನೋ, ಮಾರುಕಟ್ಟೆ ಹೇಗೋ ಏನೋ, ಇವನಿಗೆ ಈಗಲೇ ಹೇಗೆ ಗೊತ್ತು? ಅಪ್ಪನನ್ನು ಕೇಳಿದರೆ, “ಅವುನ್ ಕಸುಬು ಅದು” ಎನ್ನುತ್ತಿದ್ದ. ಇನ್ನೂ ಬಾರದಿರುವ ಒಂದು ವಸ್ತುವಿಗೆ ಇವತ್ತೇ ಬೆಲೆ ಕಟ್ಟುವುದೂ ಒಂದು ಕಸುಬು ಎಂಬುದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಬೇರೆ ಹುಡುಗಿಯರು ಡಾಕ್ಟರಾಗುತ್ತೇನೆ, ಟೀಚರಾಗುತ್ತೇನೆ ಎನ್ನುವ ಕಾಲದಲ್ಲಿ ನಾನು ಬೆಲೆ ಕಟ್ಟುವವಳಾಗುತ್ತೇನೆ ಎಂದು ಹೇಳಿ ಕ್ಲಾಸಿನಲ್ಲಿ ನಗಿಸಿದ್ದುಂಟು. ಅದಕ್ಕೆ ಫೈನಾನ್ಸ್ ಎಂಬ ಹೆಸರಿದೆ ಎಂದು ತಿಳಿದದ್ದು ಪಿಯುಸಿಯಲ್ಲಿ.

ಆ ಹೊತ್ತಿಗೆ ತೋಟ ಹೋಗಿತ್ತು. ವಿಮಾನ ನಿಲ್ದಾಣ ಬರುತ್ತದೆಂಬ ಮಾತು ಶುರುವಾದದ್ದೇ ತಡ, ನಮ್ಮ ಕಡೆಯ ಎಷ್ಟೋ ಜಮೀನುಗಳು ಹೋದ ಹಾಗೆಯೇ ಇದೂ ಹೋಯಿತು. ಕೊಂಡವರು ಒಂದು ಶಿಕ್ಷಣ ಸಂಸ್ಥೆಯವರು. ಚಪ್ಪರ ಕಿತ್ತು ಕಟ್ಟಡ ಎಬ್ಬಿಸಿದರು. ಶುರುವಿನಲ್ಲಿ ಕಾಲೇಜು ಎನ್ನುತ್ತಿದ್ದರು, ಈಗ ಯೂನಿವರ್ಸಿಟಿ ಎಂದು ದೊಡ್ಡ ಕಮಾನಿನ ಮೇಲೆ ಬರೆಸಿದ್ದಾರೆ. ಮಾತುಕತೆಯ ದಿನ ಅವರ ಕಡೆಯ ಹಿರಿಯರೊಬ್ಬರು ಅಪ್ಪನ ಕೈ ಹಿಡಿದುಕೊಂಡು, “ಗೌಡ್ರೇ, ನಿಮ್ ಮನೆ ಮಕ್ಕಳು ಓದೋದಾದ್ರೆ ಯಾವಾಗ್ಲೂ ನಮ್ಮಲ್ಲಿ ಸೀಟಿರುತ್ತೆ” ಎಂದಿದ್ದರಂತೆ. ಆ ಮಾತಿನ ಮೇಲೆ ಅಪ್ಪನಿಗೆ ಕ್ರಯಪತ್ರಕ್ಕಿಂತ ಹೆಚ್ಚು ನಂಬಿಕೆ. ಅಣ್ಣನಿಗೆ ಓದಿನ ಚಿಂತೆಯೇ ಇರಲಿಲ್ಲ, ಅವನಾಗಲೇ ಸಿಮೆಂಟು ಜಲ್ಲಿಯ ಹಿಂದೆ ಬಿದ್ದಿದ್ದ. ಉಳಿದವಳು ನಾನು.

ಇಲ್ಲಿ ಅಪ್ಪನ ಒಂದು ಅಭ್ಯಾಸದ ವಿಷಯ ಹೇಳದೆ ಮುಂದೆ ಹೋಗಲಾಗದು. ಮನೆಯವರು ಯಾರೇ ಎಲ್ಲಿಗೇ ಹೋಗಿ ಬರಲಿ, ಚಪ್ಪಲಿ ಬಿಡುವ ಮುಂಚೆ ಅವನ ಪ್ರಶ್ನೆ ಒಂದೇ: “ಮರ್ವಾದೆ ಕೊಟ್ರಾ?” ಮದುವೆಗೆ ಹೋಗಿ ಬಂದರೆ ಊಟ ಹೇಗಿತ್ತು ಎಂದಲ್ಲ, ಮರ್ಯಾದೆ ಕೊಟ್ರಾ. ಬ್ಯಾಂಕಿಗೆ ಹೋಗಿ ಬಂದರೆ ಕೆಲಸ ಆಯಿತಾ ಎಂದಲ್ಲ, ಕೂರಿಸಿ ಮಾತಾಡಿಸಿದರಾ. ಹಲ್ಲು ಕೀಳಿಸಿಕೊಂಡು ಬಂದ ಅಮ್ಮನನ್ನೂ ಒಮ್ಮೆ ಹೀಗೇ ಕೇಳಿದ್ದ. ಅವಳು ಬಾಯಲ್ಲಿ ಹತ್ತಿ ಕಚ್ಚಿಕೊಂಡೇ ದುರುಗುಟ್ಟಿ ನೋಡಿದ್ದಳು. ಇದನ್ನು ದೊಡ್ಡಸ್ತಿಕೆ ಎಂದು ತಿಳಿಯಬೇಡಿ. ಸುತ್ತ ಬಡಾವಣೆಗಳು ಎದ್ದು, ನಮ್ಮ ಊರಿನಲ್ಲೇ ನಮ್ಮನ್ನು ‘ಇಲ್ಲಿಯ ಹಳ್ಳಿಯವರು’ ಎಂದು ಹೊಸಬರು ತೋರಿಸತೊಡಗಿದ ಮೇಲೆ ಹತ್ತಿಕೊಂಡ ಭಯ ಅದು. ಸಂಜಯನಗರದ ಒಂದು ಕಚೇರಿಯಲ್ಲಿ ಅವನ ಕೆಸರು ಮೆತ್ತಿದ ಚಪ್ಪಲಿ ನೋಡಿ ಹೊರಗೇ ನಿಲ್ಲಿಸಿದ್ದರೆಂದು ಅಮ್ಮ ಒಮ್ಮೆ ಗುಟ್ಟಾಗಿ ಹೇಳಿದ್ದಳು. ಅವನ ಬಾಯಿಂದ ನಾನದನ್ನು ಕೇಳಿಲ್ಲ.

ಪಿಯುಸಿಯಲ್ಲಿ ನನಗೆ ಒಳ್ಳೆಯ ಅಂಕ ಬಂತು. ಕಾಮರ್ಸಿಗೆ ಯಶವಂತಪುರದ ಈ ಹಳೆಯ ಕಾಲೇಜೇ ಸರಿ ಎಂದು ನಮ್ಮ ಮೇಷ್ಟರು ಹೇಳಿದ್ದರು. ಇಲ್ಲಿ ಓದಿದವರನ್ನು ದೊಡ್ಡ ದೊಡ್ಡ ಕಂಪನಿಯವರು ಹುಡುಕಿಕೊಂಡು ಬರುತ್ತಾರಂತೆ. ನಾನು ಅರ್ಜಿ ಹಾಕಿದೆ, ಸಂದರ್ಶನಕ್ಕೆ ಕರೆ ಬಂತು, ಅಪ್ಪ ಬುಲೆಟ್ಟಿನಲ್ಲಿ ಕರೆತಂದ. ಶುರುವಿನಲ್ಲೇ ಅಪಶಕುನ. ಗೇಟಿನವನು ಗಾಡಿ ಹೊರಗೆ ನಿಲ್ಲಿಸಲು ಹೇಳಿದ. ಒಳಗೆ ಗುಮಾಸ್ತರು ತಲೆ ಎತ್ತದೆ, “ಸಾಲಲ್ಲಿ ನಿಂತ್ಕೊಳ್ಳಿ” ಎಂದರು. ಅಪ್ಪ ನಿಂತ. ಪಂಚೆ ಉಟ್ಟು, ಬಿಳಿ ಶರಟು ತೊಟ್ಟು, ಕೈಯಲ್ಲಿ ನನ್ನ ಮಾರ್ಕ್ಸ್ ಕಾರ್ಡು ಹಿಡಿದು ನಿಂತ ಅವನ ಮುಖ ಆಗಲೇ ಕಪ್ಪಿಟ್ಟಿತ್ತು.

ಪ್ರಿನ್ಸಿಪಾಲರು ವಯಸ್ಸಾದವರು, ದಪ್ಪ ಕನ್ನಡಕ. ನನ್ನನ್ನು ಮಾತ್ರ ಒಳಗೆ ಕರೆದರು. ಬಾಗಿಲು ತೆರೆದೇ ಇತ್ತು, ಅಪ್ಪ ಹೊಸ್ತಿಲಾಚೆ ನಿಂತಿದ್ದ. ಅವರು ಪೀಠಿಕೆಯಿಲ್ಲದೆ ಕೇಳಿದರು: “ದುಡ್ಡು ಇವತ್ತು ಕೈಗೆ ಬಂದ್ರೂ ಒಂದೇ, ಹತ್ತು ವರ್ಷದ ಮೇಲೆ ಬಂದ್ರೂ ಒಂದೇನಾ?”

“ಒಂದೇ ಸರ್. ದುಡ್ಡು ದುಡ್ಡೇ ಅಲ್ವಾ?” ಎಂದೆ ಧೈರ್ಯವಾಗಿ.

“ತಪ್ಪು. ಕೂತ್ಕೋ, ಯೋಚ್ನೆ ಮಾಡು,” ಎಂದು ಅವರು ತಮ್ಮ ಕಾಗದಗಳಲ್ಲಿ ಮುಳುಗಿದರು.

ಎದ್ದು ಹೋಗಿಬಿಡಲೇ ಅನ್ನಿಸಿತು. ಆಮೇಲೆ ಆ ಮೌನದಲ್ಲಿ ಕೂತು ಯೋಚಿಸುತ್ತ ಯೋಚಿಸುತ್ತ ನಮ್ಮ ದ್ರಾಕ್ಷಿ ವ್ಯಾಪಾರಿ ನೆನಪಾದ. ಕಾಯಿ ಸಾಸಿವೆಯಷ್ಟಿರುವಾಗ ತೋಟ ಹಿಡಿದರೆ ಅವನು ಕಡಿಮೆ ಕೊಡುತ್ತಿದ್ದ, ಹಣ್ಣು ಬಣ್ಣಕ್ಕೆ ತಿರುಗಿದ ಮೇಲೆ ಬಂದರೆ ಹೆಚ್ಚು ಕೊಡುತ್ತಿದ್ದ. ಕಾಯಬೇಕಾದ ದಿನಗಳಿಗೂ ಒಂದು ಬೆಲೆ ಇತ್ತು. ತಡವರಿಸುತ್ತ ಅದನ್ನೇ ಹೇಳಿದೆ. ಪ್ರಿನ್ಸಿಪಾಲರು ಕನ್ನಡಕ ತೆಗೆದು ನನ್ನನ್ನು ನೋಡಿದರು.

“ಇದನ್ನ ಎಲ್ಲಿ ಕಲ್ತೆ?”

“ನಮ್ಮ ತೋಟದಲ್ಲಿ ಸರ್.”

“ಸರಿ, ಬಾ,” ಎಂದರು. ಅಷ್ಟೇ. ನನಗಾದ ಖುಷಿಯನ್ನು ನಿಮಗೆ ಹೇಗೆ ಹೇಳಲಿ? ತಪ್ಪು ಎಂದು ಕೇಳಿಸಿಕೊಂಡು, ಅದೇ ಕುರ್ಚಿಯಲ್ಲಿ ಕೂತು ಸರಿ ಎಂದೂ ಕೇಳಿಸಿಕೊಳ್ಳುವ ಖುಷಿ ಬದುಕಿನಲ್ಲಿ ನನಗೆ ಮೊದಲ ಸಲ ಸಿಕ್ಕಿತ್ತು. ಆಮೇಲೆ ಮತ್ತೆ ಸಿಗಲಿಲ್ಲ. ಆದರೆ ಹೊರಗೆ ಬಂದಾಗ ಅಪ್ಪ ಹೊಸ್ತಿಲ ಬಳಿ ಇರಲಿಲ್ಲ. ‘ತಪ್ಪು’ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಅವನು ಅಲ್ಲಿಂದ ಸರಿದು ಗೇಟಿನಾಚೆ ಬುಲೆಟ್ಟಿನ ಹತ್ತಿರ ಹೋಗಿ ನಿಂತಿದ್ದ. ಸೀಟು ಸಿಕ್ಕಿತು ಎಂದರೆ, “ಕಾಲೇಜು ಇದೊಂದೇನಾ ಇರಾದು?” ಎಂದು ಕಿಕ್ಕರ್ ಒದ್ದ.

ಮಾರನೆಯ ವಾರ ‘ನಮ್ಮ ತೋಟದ ಕಾಲೇಜಿ’ಗೆ ಹೋದೆವು. ಅಲ್ಲಿ ವಾಚ್‌ಮನ್ ಸಲ್ಯೂಟ್ ಹೊಡೆದ. ಬುಲೆಟ್ಟು ಸೀದಾ ಪೋರ್ಟಿಕೋದವರೆಗೆ ಹೋಯಿತು. ಡೈರೆಕ್ಟರರು ಎದ್ದು ಬಂದು ಅಪ್ಪನಿಗೆ ಶಾಲು ಹೊದಿಸಿದರು, ಕೈಗೆ ಹಣ್ಣಿನ ಬುಟ್ಟಿ ಕೊಟ್ಟರು, ಕಾಫಿ ತರಿಸಿದರು. ನನ್ನ ಮಾರ್ಕ್ಸ್ ಕಾರ್ಡು ತೆರೆಯದೆಯೇ, “ಇದು ನಿಮ್ದೇ ಮನೆ ಅಂದ್ಕೊಳ್ಳಿ ತಾಯಿ” ಎಂದರು. ನನಗೂ ಸಂಕೋಚದ ಜೊತೆ ಸ್ವಲ್ಪ ಹೆಮ್ಮೆಯಾಯಿತು ಅನ್ನಿ, ಹದಿನೆಂಟರ ವಯಸ್ಸಿಗೆ ಯಾರು ತಾಯಿ ಎನ್ನುತ್ತಾರೆ? ಅಪ್ಪ ಶಾಲು ಹೊದ್ದುಕೊಂಡೇ ಕಟ್ಟಡದ ಸುತ್ತ ಓಡಾಡಿದ. ಲೈಬ್ರರಿ ತೋರಿಸಿದರೆ ಲೈಬ್ರರಿಯ ಕಿಟಕಿಯಿಂದ ಹೊರಗೆ ನೋಡಿದ. ನಮ್ಮ ತೋಟದ ಮೂಲೆಯ ಹೊಂಗೆ ಮರ ಇನ್ನೂ ಇತ್ತು. ಚಪ್ಪರದ ಕಲ್ಲುಕಂಬಗಳನ್ನು ಮಲಗಿಸಿ ಹುಲ್ಲುಹಾಸಿನ ಸುತ್ತ ಕಟ್ಟೆ ಮಾಡಿದ್ದರು. ಅಪ್ಪ ಬಗ್ಗಿ ಒಂದು ಕಂಬದ ಮೇಲೆ ಕೈಯಿಟ್ಟ.

ಮನೆಯಲ್ಲಿ ಎರಡು ದಿನ ಮಾತು ನಡೆಯಿತು. “ಓದೋಳು ಅವ್ಳು ತಾನೆ, ಅವ್ಳನ್ನೇ ಕೇಳ್ಬಾರ್ದಾ?” ಎಂದಳು ಅಮ್ಮ. ನಾನು ಯಶವಂತಪುರ ಎಂದೆ, ಮೇಷ್ಟರು ಹೇಳಿದ್ದನ್ನೆಲ್ಲ ಹೇಳಿದೆ.

ಅಪ್ಪ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನಾನೂ ಜಗಳವಾಡುತ್ತಿದ್ದೆನೇನೋ. “ನೋಡಮ್ಮಣ್ಣಿ,” ಎಂದ ಮೆಲ್ಲಗೆ, “ಅಲ್ಲಿ ನಿಂಗೆ ತಪ್ಪು ಅಂದ್ರು. ಇಲ್ಲಿ ತಾಯಿ ಅಂದ್ರು. ನಾನು ಎಲ್ ಕಳಿಸ್ಲಿ ಏಳು.” ಆಮೇಲೆ ಯಾರಿಗೋ ಹೇಳುವ ಹಾಗೆ, “ತೋಟ ಅಂತೂ ಓಯ್ತು. ನಮ್ಮೋರು ಒಬ್ರಾದ್ರೂ ದಿನಾ ಅಲ್ಲಿ ಓಡಾಡ್ಕೊಂಡಿರ್ಲಿ” ಎಂದ. ಮಾರನೆಯ ದಿನ ನಾನು ಅಲ್ಲಿಗೇ ಹೋಗಿ ಸೇರಿದೆ.

ಹೀಗೆ, ಯೂನಿವರ್ಸಿಟಿ ಆರಿಸುವುದು ಹೇಗೆ ಎಂದು ಈಗಿನ ಮಕ್ಕಳು ಫೋನಿನಲ್ಲಿ ದಿನಗಟ್ಟಲೆ ನೋಡುತ್ತಾರಲ್ಲ, ಪಾಠ ಮಾಡುವವರು ಯಾರು, ಯಾವ ಕಂಪನಿ ಬರುತ್ತದೆ, ಓದಿ ಹೋದವರು ಎಲ್ಲಿದ್ದಾರೆ ಎಂದೆಲ್ಲ, ನಮ್ಮ ಮನೆಯಲ್ಲಿ ಅದು ಒಂದು ಶಾಲು ಮತ್ತು ಒಂದು ಹೊಂಗೆ ಮರದಲ್ಲಿ ತೀರ್ಮಾನವಾಯಿತು.

ಮೊದಲ ವರ್ಷ ಸುಖವಾಗಿಯೇ ಇತ್ತು. ಫೈನಾನ್ಸಿನ ತರಗತಿ ನಡೆಯುತ್ತಿದ್ದದ್ದು ಎರಡನೆಯ ಮಹಡಿಯಲ್ಲಿ. ನಾನು ಲೆಕ್ಕ ಹಾಕಿ ನೋಡಿದ್ದೆ, ನಮ್ಮ ಪಂಪ್‌ಹೌಸು ಇದ್ದದ್ದು ಅದರ ನೇರ ಕೆಳಗೆ. ಮಧ್ಯಾಹ್ನ ಕಲ್ಲುಕಂಬದ ಕಟ್ಟೆಯ ಮೇಲೆ ಕೂತು ಡಬ್ಬಿ ಬಿಚ್ಚುತ್ತಿದ್ದೆ. ಸಂಜೆ ಮನೆಗೆ ಬಂದರೆ ಅಪ್ಪ ಏನು ಪಾಠ ಎಂದು ಒಂದು ದಿನವೂ ಕೇಳಿದವನಲ್ಲ. ಹೊಂಗೆ ಹೂ ಬಿಟ್ಟಿದೆಯಾ, ಕಂಬಕ್ಕೆ ಬಣ್ಣ ಬಳಿದರಂತಲ್ಲ ಹೌದಾ, ಬಾವಿಯ ಮೇಲೆ ಮುಚ್ಚಿದ್ದ ಜಾಲರಿ ಹಾಗೇ ಇದೆಯಾ. ನಾನು ಒಂದೊಂದಕ್ಕೂ ಉತ್ತರ ಕೊಡುತ್ತಿದ್ದೆ. ಅವನು ಕಣ್ಣು ಮುಚ್ಚಿ ಕೇಳುತ್ತಿದ್ದ. ಅವನು ನನ್ನನ್ನು ಓದಲು ಕಳಿಸಿದ್ದನೋ ತೋಟ ನೋಡಿಕೊಂಡು ಬರಲು ಕಳಿಸಿದ್ದನೋ ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಿರಲಿಲ್ಲ. ಆಗ ಅವನ ಮುಖ ನೋಡುವುದೇ ಒಂದು ಸಮಾಧಾನವಾಗಿತ್ತು.

ಎರಡನೆಯ ವರ್ಷ ಹೊಸ ಮೇಷ್ಟರೊಬ್ಬರು ಬಂದರು. ಚಿಕ್ಕ ವಯಸ್ಸು, ಹಾಸನದ ಕಡೆಯವರು, ಪಾಠದಲ್ಲಿ ಚುರುಕು. ಒಂದು ಕಂಪನಿ ಮುಂದೆ ಗಳಿಸಬಹುದಾದ ಹಣಕ್ಕೆ ಇವತ್ತಿನ ಬೆಲೆ ಕಟ್ಟುವ ಲೆಕ್ಕವೊಂದನ್ನು ಕೊಟ್ಟಿದ್ದರು. ನನ್ನ ವ್ಯಾಪಾರಿಯ ಕಸುಬೇ ಅದು, ಹಾಗಾಗಿ ಆಸೆಯಿಂದ ಮಾಡಿದ್ದೆ. ಉತ್ತರಪತ್ರಿಕೆ ಕೈಗೆ ಬಂದಾಗ ಅದರ ಮೇಲೆ ಕೆಂಪು ಶಾಯಿಯಲ್ಲಿ ಒಂದು ದೊಡ್ಡ ಅಡ್ಡಗೆರೆ. ಪಕ್ಕದಲ್ಲಿ, “ತಪ್ಪು. ಬಂದು ಕಾಣು.” ನಂಬುತ್ತೀರೋ ಇಲ್ಲವೋ, ನನಗೆ ಖುಷಿಯಾಯಿತು. ಯಶವಂತಪುರದ ಆ ಕುರ್ಚಿ ನೆನಪಾಯಿತು.

ಮಾರನೆಯ ದಿನ ಹೋದೆ. ಅಷ್ಟರಲ್ಲಿ ನಾನು ಯಾರ ಮಗಳೆಂದು ಯಾರೋ ಅವರಿಗೆ ಹೇಳಿದ್ದರೆಂದು ತೋರುತ್ತದೆ. ನನ್ನನ್ನು ಕಂಡ ಕೂಡಲೇ ಅವರು ಕುರ್ಚಿಯಿಂದ ಎದ್ದರು. ಮೇಷ್ಟರು ವಿದ್ಯಾರ್ಥಿನಿಯನ್ನು ಕಂಡು ಎದ್ದು ನಿಂತರು.

“ಸರ್, ಇದರಲ್ಲಿ ಎಲ್ಲಿ ತಪ್ಪಾಗಿದೆ?”

“ಇಲ್ಲ ಇಲ್ಲ, ಕೊಡಿ ಇಲ್ಲಿ.” ಪತ್ರಿಕೆ ತೆಗೆದುಕೊಂಡು ಅಡ್ಡಗೆರೆಯ ಪಕ್ಕದಲ್ಲಿ ಪೂರ್ತಿ ಅಂಕ ಬರೆದರು. “ನಾನೇ ಸರಿಯಾಗಿ ನೋಡಿರ್ಲಿಲ್ಲ. ಸರಿಯಾಗೇ ಇದೆ ಮೇಡಂ.”

“ಸರ್, ತಪ್ಪಿದ್ರೆ ಹೇಳಿ ಸರ್. ನಂಗೆ ಗೊತ್ತಾಗ್ಬೇಕು.”

“ಸರಿ ಇದೆ ಅಂದ್ನಲ್ಲ ಮೇಡಂ,” ಎಂದರು. ಅದು ಬೇಡಿಕೊಳ್ಳುವ ದನಿ. ಕೆಲಸಕ್ಕೆ ಸೇರಿ ಇನ್ನೂ ತಿಂಗಳು ತುಂಬದ ಮನುಷ್ಯ. ಇನ್ನೂ ಒತ್ತಾಯಿಸಿದರೆ ಅಳುತ್ತಾರೇನೋ ಅನ್ನಿಸಿತು. ನಾನು ಪೂರ್ತಿ ಅಂಕ ಹಿಡಿದುಕೊಂಡು ಹೊರಗೆ ಬಂದೆ. ಆಮೇಲೆ ಯಾವ ಮೇಷ್ಟರೂ ನನ್ನ ಪತ್ರಿಕೆಯ ಮೇಲೆ ಕೆಂಪು ಶಾಯಿ ಹಾಕಲಿಲ್ಲ. ನನ್ನ ಪಕ್ಕ ಕೂರುತ್ತಿದ್ದವಳು ಶೆಟ್ಟಿಹಳ್ಳಿಯಿಂದ ಬಸ್ಸು ಬದಲಿಸಿ ಬರುತ್ತಿದ್ದ ರೇವತಿ. ಅವಳ ಪತ್ರಿಕೆ ಮಾತ್ರ ಕೆಂಪು ಕೆಂಪು. ಮೇಷ್ಟರು ಅವಳನ್ನು ನಿಲ್ಲಿಸಿ ಬೈಯುವರು, ಮತ್ತೆ ಮಾಡಿಸುವರು, ಇವಳು ಗೊಣಗುತ್ತ ಮಾಡುವಳು. “ನೀನ್ ಬಿಡಮ್ಮ, ಪುಣ್ಯವಂತೆ” ಎನ್ನುತ್ತಿದ್ದಳು ನನಗೆ. ಅವಳೀಗ ಮುಂಬಯಿಯಲ್ಲಿ ಒಂದು ದೊಡ್ಡ ಹಣಕಾಸು ಸಂಸ್ಥೆಯಲ್ಲಿದ್ದಾಳೆ, ಕಂಪನಿಗಳಿಗೆ ಬೆಲೆ ಕಟ್ಟುವ ಕೆಲಸ. ಯುಗಾದಿಗೆ ಮೆಸೇಜು ಮಾಡುತ್ತಾಳೆ. ಹೊಟ್ಟೆಕಿಚ್ಚಾಗುತ್ತದೆ, ಸುಳ್ಳು ಹೇಳುವುದಿಲ್ಲ.

ನಾನು ಮೊದಲ ದರ್ಜೆಯಲ್ಲಿ ಪಾಸಾದೆ, ಅಲ್ಲೇ ಎಂ.ಕಾಂ. ಕೂಡ ಮುಗಿಸಿದೆ. ಹೆಬ್ಬಾಳದ ಆಚೆ ಗಾಜಿನ ಕಟ್ಟಡವೊಂದರಲ್ಲಿ ಸಂದರ್ಶನಕ್ಕೆ ಕರೆದರು. ಅಪ್ಪ ಫ್ಲೈಓವರಿನ ಕೆಳಗೆ ಬುಲೆಟ್ಟು ನಿಲ್ಲಿಸಿಕೊಂಡು ಕಾದ. ಒಳಗೆ ಇಬ್ಬರು ಕೂತಿದ್ದರು, ತುಂಬಾ ಸೌಜನ್ಯದವರು, ನೀರು ಕೊಟ್ಟು ಕೂರಿಸಿದರು. ಬಿಳಿ ಹಲಗೆಯ ಮೇಲೆ ಒಂದು ಲೆಕ್ಕ ಬರೆದು ಬಿಡಿಸಲು ಹೇಳಿದರು. ಅದೇ ಲೆಕ್ಕ. ಕಂಪನಿ ಬೇರೆ, ಅಂಕಿ ಬೇರೆ, ಜಾತಿ ಅದೇ. ನಾನು ಪೂರ್ತಿ ಅಂಕ ಪಡೆದವಳಲ್ಲವೆ, ಸರಸರನೆ ಬಿಡಿಸಿದೆ.

“ಇದು ತಪ್ಪಾಗಿದೆಯಲ್ಲ,” ಎಂದರು ಅವರಲ್ಲಿ ಒಬ್ಬರು, ನಗುತ್ತಲೇ. “ಬೆಲೆ ಏರಿಕೆಯನ್ನ ಒಂದ್ಸಲ ಕಳೆದಾಯ್ತು. ಕೆಳಗೆ ಮತ್ತೆ ಯಾಕೆ ಕಳೀತಿದೀರಿ? ನಿಧಾನವಾಗಿ ನೋಡಿ, ಇನ್ನೊಂದ್ಸಲ ಮಾಡಿ.”

ಇನ್ನೊಂದು ಸಲ ಮಾಡಬಹುದಿತ್ತು. ಅವರು ಕೊಟ್ಟದ್ದು ಪ್ರಿನ್ಸಿಪಾಲರು ಕೊಟ್ಟಂಥದೇ ಅವಕಾಶ. ಆದರೆ ತಪ್ಪು ಎಂಬ ಮಾತು ಕಿವಿಗೆ ಬೀಳದೆ ಅಷ್ಟು ವರ್ಷಗಳಾಗಿತ್ತು. ಹಲಗೆಯ ಕಡೆ ತಿರುಗಿ ನೋಡಲೇ ಇಲ್ಲ. ಸರಿಯಾಗೇ ಇದೆ, ನಮ್ಮ ಕಾಲೇಜಿನಲ್ಲಿ ಹೀಗೇ ಹೇಳಿಕೊಟ್ಟಿದ್ದಾರೆ ಎಂದು ವಾದಿಸಿದೆ. ಅವರು ಮುಖ ಮುಖ ನೋಡಿಕೊಂಡರು. ಆ ಕೆಂಪು ಅಡ್ಡಗೆರೆ ಎಲ್ಲಿ ಬಿದ್ದಿತ್ತು ಎಂದು ನನಗೆ ಆಗ ನೆನಪಾಯಿತು. ಸರಿಯಾಗಿ ಅಲ್ಲೇ, ಎರಡನೇ ಸಲ ಕಳೆದ ಸಾಲಿನ ಮೇಲೆ.

ಕೆಳಗಿಳಿದು ಬಂದೆ. ಅಪ್ಪ ಎಂದಿನಂತೆ ಕೇಳಿದ: “ಮರ್ವಾದೆ ಕೊಟ್ರಾ?”

“ಕೊಟ್ರಪ್ಪ,” ಎಂದೆ. “ಕೆಲ್ಸ ಕೊಡ್ಲಿಲ್ಲ.”

ಅವನು ನನ್ನ ಮುಖವನ್ನೊಮ್ಮೆ ನೋಡಿ ಕಿಕ್ಕರ್ ಒದ್ದ. ಆಮೇಲೂ ಒಂದೆರಡು ಕಡೆ ಹೋದೆ, ಅಲ್ಲೂ ಹಲಗೆಯ ಮುಂದೆ ನಿಂತ ಕೂಡಲೇ ಬೆವರಿದೆ. ಕೊನೆಗೆ ಕೊಡಿಗೇಹಳ್ಳಿಯ ಒಂದು ಸಹಕಾರ ಸಂಘದಲ್ಲಿ ಲೆಕ್ಕ ನೋಡಿಕೊಳ್ಳುವ ಕೆಲಸಕ್ಕೆ ಸೇರಿದೆ. ಅಧ್ಯಕ್ಷರು ಅಪ್ಪನ ಚಿಕ್ಕಪ್ಪನ ಮಗ. ಅಲ್ಲಿಯೂ ನನಗೆ ತಪ್ಪು ಎನ್ನುವವರಿಲ್ಲ, ಬೇಕಾದಷ್ಟು ಮರ್ಯಾದೆ. ಕೆಲಸ ಕೆಟ್ಟದ್ದಲ್ಲ, ಹೊತ್ತಿಗೆ ಸರಿಯಾಗಿ ಮನೆಗೆ ಬರುತ್ತೇನೆ. ಆದರೆ ಇನ್ನೂ ಬಾರದಿರುವ ವಸ್ತುವಿಗೆ ಬೆಲೆ ಕಟ್ಟುವ ಕಸುಬು ನನಗೆ ದಕ್ಕಲಿಲ್ಲ. ಆಗಿಹೋದದ್ದರ ಲೆಕ್ಕ ಬರೆಯುತ್ತೇನೆ, ಅಷ್ಟೆ. ರಾತ್ರಿ ಒಮ್ಮೊಮ್ಮೆ ಆ ದಪ್ಪ ಕನ್ನಡಕದ ಪ್ರಿನ್ಸಿಪಾಲರು ‘ಸರಿ, ಬಾ’ ಎಂದದ್ದು ನೆನಪಾಗಿ ಸಂಕಟವಾಗುತ್ತದೆ. ಅಪ್ಪನಿಗೆ ಇದನ್ನು ನಾನು ಹೇಳಿರಲಿಲ್ಲ. ಹೇಗೆ ಹೇಳುವುದು? ಅವನು ಪ್ರೀತಿಯಿಂದ ಆರಿಸಿದ್ದ.

ಕಾರಿನ ಬಾಗಿಲು ತೆರೆದ ಸದ್ದಿಗೆ ಬೆಚ್ಚಿದೆ. ಸಿಂಚನಾ ಮುಂದಿನ ಸೀಟಿನಲ್ಲಿ ದೊಪ್ಪನೆ ಕೂತಳು. ಕಣ್ಣು ಕೆಂಪಗಿದ್ದವು.

“ಏನಾಯ್ತೇ?”

“ಆ ಮೇಡಂ ಸರಿಯಿಲ್ಲ ಅತ್ತೆ. ನಾನ್ ಹೇಳಿದ್ದೆಲ್ಲ ತಪ್ಪು ಅಂದ್ರು. ಬೋರ್ಡ್ ಹತ್ರ ನಿಲ್ಲಿಸಿ, ಬೇರೆಯವರೆಲ್ಲ ನೋಡ್ತಿದ್ದಾಗ್ಲೇ, ಅಳಿಸು, ಮತ್ತೆ ಮಾಡು, ಅಳಿಸು, ಮತ್ತೆ ಮಾಡು ಅಂತ.”

“ಕೊನೆಗೆ ಬಂತಾ?”

“ಬಂತು,” ಎಂದಳು ಮೂಗೊರೆಸಿಕೊಳ್ಳುತ್ತ. ಅಷ್ಟು ಅಳುವಿನ ನಡುವೆಯೂ ಆ ಒಂದು ಮಾತು ಹೇಳುವಾಗ ಅವಳ ಗಲ್ಲ ಚೂರು ಮೇಲೆದ್ದಿತು. ನನಗೆ ಆ ಗಲ್ಲದ ಪರಿಚಯವಿತ್ತು.

“ಸೀಟು?”

“ಕೊಡ್ತಾರಂತೆ. ನಾಳೆ ಬಂದು ಸೇರ್ಕೊಳ್ಳಿ ಅಂದ್ರು. ಆದ್ರೆ ನಂಗೆ ಬೇಡ ಅತ್ತೆ. ನಮ್ದೇ ಯೂನಿವರ್ಸಿಟಿ ಇದ್ಯಲ್ಲ, ಅಲ್ಲೇ ಹೋಗ್ತೀನಿ. ಹೋದ ವಾರ ನೋಡ್ಲಿಲ್ವಾ, ತಾತನ್ನ ಕಂಡ್ರೆ ಎಲ್ರೂ ಹೆಂಗೆ ಎದ್ ನಿಲ್ತಾರೆ ಅಂತ.”

ಈಗ ಹೇಳಬೇಕಿತ್ತು. ಕನ್ನಡಿಯಲ್ಲಿ ಅಪ್ಪ ಕಾಣುತ್ತಿದ್ದ, ಬಿಳಿ ಶರಟು, ತೊಡೆಯ ಮೇಲೆ ದ್ರಾಕ್ಷಿಯ ಕವರ್. ಹೋದ ವಾರ ಅಲ್ಲಿ ಹೊದಿಸಿದ ಹೊಸ ಶಾಲನ್ನು ಅವನು ನಡುಮನೆಯ ಕುರ್ಚಿಯ ಮೇಲೆ ಹರವಿ ಇಟ್ಟುಕೊಂಡಿದ್ದು ಕಣ್ಣಮುಂದೆ ಬಂತು. ಹೇಳದೆ ಕಾರಿನ ಕೀಲಿಗೆ ಕೈ ಹಾಕಿದೆ.

ಮುಂದೆ ಬಾಗಿ ಅಪ್ಪನೇ ಕೇಳಿದ. “ಯಾಕ್ ಮಗಾ, ಮರ್ವಾದೆ ಕೊಡ್ನಿಲ್ವಾ?”

“ಒಂಚೂರೂ ಇಲ್ಲ ತಾತ,” ಎಂದಳು ಸಿಂಚನಾ.

ಅಪ್ಪ ಗೇಟಿನ ಕಡೆ ನೋಡಿದ. ನನ್ನ ಸಂದರ್ಶನದ ದಿನ ಅವನು ಬುಲೆಟ್ಟು ನಿಲ್ಲಿಸಿಕೊಂಡು ನಿಂತಿದ್ದ ಜಾಗ ಅಲ್ಲೇ ಎದುರಿಗಿತ್ತು, ಈಗ ಅಲ್ಲೊಂದು ಜೆರಾಕ್ಸ್ ಅಂಗಡಿ. ಆಮೇಲೆ ಅವಳ ಕಡೆ ತಿರುಗದೆ, ನನ್ನ ಭುಜದ ಮೇಲೆ ಕೈಯಿಟ್ಟ.

“ಅಂಗಾರೆ ಇಲ್ಗೇ ಸೇರ್ಸು,” ಎಂದ. “ಅಲ್ಲಿ ನಿಂಗೆ ಮರ್ವಾದೆ ಕೊಟ್ಟಿದ್ದು ಸಾಕು.”

ಸಿಂಚನಾ ನಮ್ಮಿಬ್ಬರನ್ನೂ ಮಿಕಮಿಕ ನೋಡಿದಳು. ನನಗೆ ಕೂಡಲೇ ಕಾರು ಶುರು ಮಾಡಲಾಗಲಿಲ್ಲ. ಅವನಿಗೆ ಗೊತ್ತಿಲ್ಲವೆಂದು ತಿಳಿದು ನಾನು ಸುಮ್ಮನಿದ್ದೆ, ನನಗೆ ನೋವಾಗುತ್ತದೆಂದು ಅವನೂ ಸುಮ್ಮನಿದ್ದ, ಇಬ್ಬರೂ ಒಂದೇ ಮನೆಯಲ್ಲಿ ಇಷ್ಟು ವರ್ಷ ಊಟ ಮಾಡಿಕೊಂಡಿದ್ದೆವು. ಅಪ್ಪ ಮತ್ತೆ ಒಂದು ಗೊಂಚಲು ಚಾಚಿದ, ಈ ಸಲ ಏನೂ ಹೇಳಲಿಲ್ಲ. ನಾನು ಒಂದು ಹಣ್ಣು ಕಿತ್ತು ಬಾಯಿಗೆ ಹಾಕಿಕೊಂಡೆ. ನಮ್ಮ ತೋಟದ್ದರ ಹಾಗಿರಲಿಲ್ಲ.